ಡ್ಯೂರ್ನ್‌ಸ್ಟೈನ್‌ನಲ್ಲಿ ಎರಡು ದಿನ: ಬೆಟ್ಟದ ದಾರಿ, ದಡದ ದಾರಿ

ನಮಸ್ಕಾರ. ಏಪ್ರಿಲ್ ಎರಡನೆಯ ವಾರ ಶಿವಮೊಗ್ಗ ಜಿಲ್ಲೆಯ ಸಾಗರದಿಂದ ವಿಯೆನ್ನಾದ ನಿಮ್ಮ ಮನೆಗೆ ಬರಲಿರುವ ತಂದೆತಾಯಿಯನ್ನು ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ನದಿಯ ದಡದಲ್ಲಿರುವ ಡ್ಯೂರ್ನ್‌ಸ್ಟೈನ್‌ಗೆ ಕರೆದೊಯ್ಯಬೇಕೆಂದಿದ್ದೀರಿ. ತಂದೆಯವರಿಗೆ ಬೆಟ್ಟ ಹತ್ತುವ ಉತ್ಸಾಹ, ತಾಯಿಯವರಿಗೆ ಮೊಣಕಾಲು ನೋವು. ಹೀಗಿರುವಾಗ ಎಲ್ಲರೂ ಕೂಡಿ ಕಳೆಯಬಹುದಾದ ಚಾರಣ ಅಲ್ಲಿದೆಯೇ, ಇಲ್ಲವೇ ಹಡಗಿನಲ್ಲಿ ಹೋಗಿ ಅರ್ಧ ದಿನದಲ್ಲಿ ನೋಡಿ ಬಂದರೆ ಸಾಕೇ ಎಂಬುದು ನಿಮ್ಮ ಪ್ರಶ್ನೆ.

ಅರ್ಧ ದಿನ ಸಾಲದು, ದಯವಿಟ್ಟು ಒಂದು ರಾತ್ರಿಯಾದರೂ ಅಲ್ಲೇ ಉಳಿಯಿರಿ. ನಾನು ವಿಯೆನ್ನಾಕ್ಕೆ ಬಂದ ಮೊದಲ ವರ್ಷ ಹಡಗಿನಲ್ಲಿ ಹೋಗಿ ಮೂರು ಗಂಟೆಯಲ್ಲಿ ಕೋಟೆ, ಚರ್ಚು, ಬೀದಿ ಎಲ್ಲವನ್ನೂ ಮುಗಿಸಿ ಬಂದಿದ್ದೆ. ನೆನಪಿನಲ್ಲಿ ಉಳಿದದ್ದು ಜನಜಂಗುಳಿಯೊಂದೇ. ಕೆಲವು ವರ್ಷಗಳ ನಂತರ, ನಿಮ್ಮ ತಾಯಿಯವರಂತೆಯೇ ಮೊಣಕಾಲು ನೋವಿದ್ದ ನನ್ನ ಚಿಕ್ಕಮ್ಮನವರನ್ನು ಕರೆದುಕೊಂಡು ಎರಡು ದಿನ ಉಳಿದಾಗಲೇ ಆ ಕಣಿವೆಯ ಅನುಕೂಲ ಅರ್ಥವಾಯಿತು. ಬೆಟ್ಟದ ಮೇಲಿನ ದಾರಿಯೂ ನದಿಯ ದಡದ ದಾರಿಯೂ ಒಂದೇ ಊರಿನಿಂದ ಹೊರಟು ಒಂದೇ ಹಳ್ಳಿಯನ್ನು ಸೇರುತ್ತವೆ. ಆದ್ದರಿಂದ ಬೆಳಿಗ್ಗೆ ಬೇರೆಯಾಗಿ ಹೊರಟವರು ಮಧ್ಯಾಹ್ನ ಒಂದೇ ಮೇಜಿನ ಸುತ್ತ ಕೂರಬಹುದು. ಯಾರೊಬ್ಬರೂ ಇನ್ನೊಬ್ಬರಿಗಾಗಿ ತಮ್ಮ ನಡಿಗೆಯನ್ನು ಬಿಟ್ಟುಕೊಡಬೇಕಾಗುವುದಿಲ್ಲ.

ಮೆಲ್ಕ್ ಮತ್ತು ಕ್ರೆಮ್ಸ್ ಪಟ್ಟಣಗಳ ನಡುವೆ ಸುಮಾರು 35 ಕಿ.ಮೀ. ಉದ್ದಕ್ಕೆ ಹಬ್ಬಿರುವ ಈ ಕಣಿವೆಗೆ ವಾಖಾವ್ ಎಂದು ಹೆಸರು. 2000ದಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಡ್ಯೂರ್ನ್‌ಸ್ಟೈನ್ ಸಾವಿರ ಜನರೂ ಇಲ್ಲದ ಊರು. ಕೋಟೆಗೋಡೆಯೊಳಗೆ ಒಂದು ಮುಖ್ಯ ಬೀದಿ, ಅದಕ್ಕೆ ಕೂಡಿಕೊಂಡ ಕೆಲವು ಓಣಿಗಳು, ಅಷ್ಟೇ. ಹೆದ್ದಾರಿ ಊರಿನ ಅಡಿಯ ಸುರಂಗದಲ್ಲಿ ಹಾದುಹೋಗುವುದರಿಂದ ಬೀದಿಯಲ್ಲಿ ವಾಹನಗಳ ಗದ್ದಲವಿಲ್ಲ. ಹಡಗು ಮತ್ತು ಪ್ರವಾಸಿ ಬಸ್ಸುಗಳ ಜನ ಬೆಳಿಗ್ಗೆ ಹತ್ತರ ಹೊತ್ತಿಗೆ ಬಂದು ಸಂಜೆಗೆ ಹೊರಟುಬಿಡುತ್ತಾರೆ. ಅವರಿಲ್ಲದ ಹೊತ್ತಿನಲ್ಲಿ, ಎಂದರೆ ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ, ಆ ಬೀದಿಯಲ್ಲಿ ತಾಯಿಯವರ ಕೈಹಿಡಿದು ನಿಧಾನವಾಗಿ ನಡೆಯುವುದೇ ಒಂದು ಸೊಗಸು. ರಾತ್ರಿ ಉಳಿಯಬೇಕೆಂದು ನಾನು ಒತ್ತಿ ಹೇಳುತ್ತಿರುವುದು ಇದಕ್ಕಾಗಿಯೇ.

ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ತಲುಪಿದರೆ, ಜನ ಕಡಿಮೆಯಾದ ಮೇಲೆ ನಾಲ್ಕೂವರೆಯ ಸುಮಾರಿಗೆ ಹಾಳುಕೋಟೆಗೆ ಹೊರಡಿ. ಅಲ್ಲಿ ಪ್ರವೇಶಶುಲ್ಕವಿಲ್ಲ, ಮುಚ್ಚುವ ವೇಳೆಯೂ ಇಲ್ಲ. ಊರಿನಿಂದ ಇಪ್ಪತ್ತು ಮೂವತ್ತು ನಿಮಿಷದ ಏರು. ಹತ್ತಲು ಎರಡು ದಾರಿಗಳಿವೆ: ಒಂದು ಮೆಟ್ಟಿಲುಗಳಿರುವ ಕಡಿದಾದ ನೇರ ದಾರಿ, ಇನ್ನೊಂದು ಕಾಡಿನ ನಡುವೆ ಸುತ್ತಿ ಬರುವ, ಸ್ವಲ್ಪ ಉದ್ದವಾದರೂ ಇಳಿಜಾರು ಕಡಿಮೆಯಿರುವ ದಾರಿ. ಮೊಣಕಾಲು ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವೆಂಬುದನ್ನು ಚಿಕ್ಕಮ್ಮನವರ ಜೊತೆಗೆ ನಾನು ಕಣ್ಣಾರೆ ಕಂಡಿದ್ದೇನೆ. ತಾಯಿಯವರು ಬರುವುದಾದರೆ ಹೋಗುವಾಗಲೂ ಬರುವಾಗಲೂ ಸುತ್ತಿನ ದಾರಿಯನ್ನೇ ಹಿಡಿಯಿರಿ. ಹಿಂದಿನ ದಿನ ಮಳೆ ಬಂದಿದ್ದರೆ ಅವರನ್ನು ಕರೆದೊಯ್ಯಬೇಡಿ, ಅಲ್ಲಿನ ನೈಸ್ (gneiss) ಎಂಬ ಪಟ್ಟೆಪಟ್ಟೆಯ ಬಂಡೆ ತೇವವಾದಾಗ ಬಹಳ ಜಾರುತ್ತದೆ.

ಮೇಲೆ ನಿಂತಾಗ ತಂದೆಯವರಿಗೆ ಹೇಳಲು ಒಂದು ನಿಜವಾದ ಕಥೆಯಿದೆ. ಇಂಗ್ಲೆಂಡಿನ ದೊರೆ ಮೊದಲನೆಯ ರಿಚರ್ಡ್, ಸಿಂಹಹೃದಯನೆಂದು ಹೆಸರಾದವನು, ಜೆರುಸಲೇಮಿಗಾಗಿ ಕ್ರೈಸ್ತ ದೊರೆಗಳು ಹೂಡಿದ ಮೂರನೆಯ ಧರ್ಮಯುದ್ಧದಿಂದ (ಕ್ರುಸೇಡ್) ಮರಳುವಾಗ 1192ರ ಡಿಸೆಂಬರಿನಲ್ಲಿ ವಿಯೆನ್ನಾದ ಬಳಿ ಸಿಕ್ಕಿಬಿದ್ದು ಈ ಕೋಟೆಯಲ್ಲಿ ಸೆರೆಯಾದನು. ಸೆರೆಹಿಡಿಸಿದವನು ಆಸ್ಟ್ರಿಯಾದ ದೊರೆ ಐದನೆಯ ಲಿಯೋಪೋಲ್ಡ್. ಅದೇ ಯುದ್ಧದಲ್ಲಿ 1191ರಲ್ಲಿ ಆಕ್ರ ನಗರವನ್ನು ಗೆದ್ದಾಗ ರಿಚರ್ಡನ ಕಡೆಯವರಿಂದ ತನ್ನ ಧ್ವಜಕ್ಕೆ ಆದ ಅವಮಾನವನ್ನು ಅವನು ಮರೆತಿರಲಿಲ್ಲ. ಕಾವಲಿಗಿದ್ದವನು ಕ್ಯೂನ್‌ರಿಂಗ್ ಮನೆತನದ ಹಾಡ್‌ಮಾರ್. 1193ರ ಆರಂಭದಲ್ಲಿ ರಿಚರ್ಡನನ್ನು ಚಕ್ರವರ್ತಿ ಆರನೆಯ ಹೈನ್ರಿಕ್‌ಗೆ ಒಪ್ಪಿಸಲಾಯಿತು, ಬಿಡುಗಡೆಗೆ 1,50,000 ಮಾರ್ಕ್ ತೂಕದ ಬೆಳ್ಳಿಯನ್ನು ಕೇಳಲಾಯಿತು. ಆ ಬೆಳ್ಳಿಯಲ್ಲಿ ಆಸ್ಟ್ರಿಯಾಕ್ಕೆ ಬಂದ ಪಾಲಿನಿಂದಲೇ ವೀನರ್ ನಾಯ್‌ಷ್ಟಾಟ್ ಎಂಬ ಹೊಸ ಪಟ್ಟಣ ಎದ್ದಿತು, ವಿಯೆನ್ನಾದ ಕೋಟೆಗೋಡೆಯೂ ಬೆಳೆಯಿತು. ಬ್ಲಾಂಡೆಲ್ ಎಂಬ ಹಾಡುಗಾರ ಕೋಟೆಯಿಂದ ಕೋಟೆಗೆ ಹಾಡುತ್ತ ಹೋಗಿ ದೊರೆಯನ್ನು ಪತ್ತೆಮಾಡಿದನೆಂಬುದು ಜನ ಕಟ್ಟಿದ ಕಥೆ. ಚೆನ್ನಾಗಿದೆ, ಹೇಳಿ, ಆದರೆ ಕಥೆಯೆಂದೇ ಹೇಳಿ. ಕೋಟೆ ಇಂದಿನ ಸ್ಥಿತಿಗೆ ಬಂದದ್ದು 1645ರಲ್ಲಿ, ಮೂವತ್ತು ವರ್ಷಗಳ ಯುದ್ಧದ ಕೊನೆಗಾಲದಲ್ಲಿ ಸ್ವೀಡನ್ನಿನ ಸೈನ್ಯದ ಕೈಯಲ್ಲಿ.

ಮೇಲಿನಿಂದ ಕೆಳಗೆ ನೋಡಿದರೆ ನೀಲಿ ಬಿಳಿ ಬಣ್ಣದ ಗೋಪುರವೊಂದು ನದಿಯ ಅಂಚಿನಲ್ಲಿ ನಿಂತಿರುವುದು ಕಾಣುತ್ತದೆ. ಅದು 1410ರಲ್ಲಿ ಸ್ಥಾಪನೆಯಾದ ಅಗಸ್ಟಿನಿಯನ್ ಮಠದ ಚರ್ಚು; ಈಗಿನ, ಅಲಂಕಾರ ತುಂಬಿದ ಬರೋಕ್ ಶೈಲಿಯ ರೂಪ ಬಂದದ್ದು 1715 ಮತ್ತು 1733ರ ನಡುವೆ, ಮಠಾಧಿಪತಿ ಹಿಯೆರೋನಿಮಸ್ ಯೂಬೆಲ್‌ಬಾಖರ್ ಅವರ ಕಾಲದಲ್ಲಿ. 1788ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಮಠವನ್ನು ಮುಚ್ಚಿಸಿದರು. ತಾಯಿಯವರು ಕೋಟೆಗೆ ಬಾರದಿದ್ದರೆ ನಿಮ್ಮಲ್ಲೊಬ್ಬರು ಅವರೊಂದಿಗೆ ಉಳಿದು, ಮುಚ್ಚುವ ಮೊದಲೇ ಇದನ್ನು ನೋಡಬಹುದು; ಮೆಟ್ಟಿಲುಗಳ ತೊಂದರೆ ಇಲ್ಲಿ ಕಡಿಮೆ, ಮಠದ ಜಗಲಿಯಿಂದ ಕಾಣುವ ನದಿಯ ನೋಟ ಕೋಟೆಯ ನೋಟಕ್ಕಿಂತ ಹತ್ತಿರದ್ದು.

ಎರಡನೆಯ ದಿನವೇ ಮುಖ್ಯ. ಇಡೀ ವಾಖಾವ್ ಸುತ್ತಿ ಬರುವ ವಿಶ್ವಪರಂಪರೆಯ ಕಾಲುದಾರಿ 180 ಕಿ.ಮೀ. ಉದ್ದದ್ದು, 14 ಹಂತಗಳದ್ದು. ಅದರಲ್ಲಿ ಡ್ಯೂರ್ನ್‌ಸ್ಟೈನ್‌ನಿಂದ ವೈಸನ್‌ಕಿರ್ಖೆನ್‌ವರೆಗಿನ ಹಂತವನ್ನು ನೀವು ಮತ್ತು ತಂದೆಯವರು ಹಿಡಿಯಿರಿ. ಊರಿನ ಪಶ್ಚಿಮ ತುದಿಯಿಂದ ಏರುವ ಫೋಗೆಲ್‌ಬೆರ್ಗ್ ಬಂಡೆದಾರಿಯಲ್ಲಿ ಹೊರಟರೆ ಕೆಲವೆಡೆ ಕೈಯಾಸರೆಗೆ ಕಬ್ಬಿಣದ ಹಗ್ಗ ಕಟ್ಟಿದ್ದಾರೆ. ಅದು ಹಗ್ಗ ಹಿಡಿದು ತೂಗುವಂಥ ಸಾಹಸವಲ್ಲ, ಆದರೆ ಎತ್ತರದ ಭಯವಿದ್ದವರಿಗೆ ಹಿತವೆನಿಸುವುದಿಲ್ಲ. ತಂದೆಯವರು ಕೊಡಚಾದ್ರಿ ಹತ್ತಿ ಇಳಿದವರೆಂದು ಬರೆದಿದ್ದೀರಿ, ಅವರಿಗೆ ಇದು ಕಷ್ಟವಾಗದು. ಈ ದಾರಿಯನ್ನು ಏರುವುದಕ್ಕೆ ಮಾತ್ರ ಬಳಸಿ, ಇಳಿಯುವುದಕ್ಕೆ ಬೇಡ. ಮೇಲೆ ಫೆಸ್ಲ್‌ಹ್ಯುಟೆ ಎಂಬ ಚಾರಣಿಗರ ಊಟದ ಮನೆಯಿದೆ. ವಾರದ ಕೆಲವು ದಿನ ರಜೆಯಿರುವುದರಿಂದ ಹಿಂದಿನ ದಿನವೇ ಕೇಳಿಕೊಳ್ಳಿ, ಕೈಚೀಲದಲ್ಲಿ ಬುತ್ತಿಯಂತೂ ಇರಲಿ. ಅಲ್ಲಿಂದ ಸ್ವಲ್ಪ ದೂರದಲ್ಲಿ 564 ಮೀಟರ್ ಎತ್ತರದ ತುದಿಯಲ್ಲಿ ಷ್ಟಾರೆಂಬೆರ್ಗ್ ವೀಕ್ಷಣಾ ಗೋಪುರವಿದೆ. ಹವೆ ಶುಭ್ರವಾಗಿದ್ದರೆ ಮಾತ್ರ ಅಲ್ಲಿಗೆ ಹೋಗಿ, ಇಲ್ಲವಾದರೆ ನೇರವಾಗಿ ಕಾಡುದಾರಿ ಹಿಡಿದು ವೈಸನ್‌ಕಿರ್ಖೆನ್‌ಗೆ ಇಳಿಯಿರಿ. ವಿರಾಮವೂ ಸೇರಿ ಐದು ಗಂಟೆ ಇಟ್ಟುಕೊಂಡರೆ ಆತುರವಿರುವುದಿಲ್ಲ. ಮರಗಳ ಮೇಲೆ ಕೆಂಪು ಬಿಳಿ ಕೆಂಪು ಪಟ್ಟೆಯ ಗುರುತು ಕಾಣುತ್ತಿರಬೇಕು. ಬಹಳ ಹೊತ್ತು ಕಾಣದಿದ್ದರೆ ಮುಂದೆ ಹೋಗದೆ ಹಿಂದಿನ ಗುರುತಿಗೆ ಮರಳಿ.

ತಾಯಿಯವರಿಗೂ ಅವರ ಜೊತೆಗೆ ಇರುವವರಿಗೂ ದಡದ ದಾರಿ. ಅದೇ ವೈಸನ್‌ಕಿರ್ಖೆನ್‌ಗೆ ಸುಮಾರು 6 ಕಿ.ಮೀ., ಹೆಚ್ಚುಕಡಿಮೆ ಸಮತಟ್ಟು, ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ದ್ರಾಕ್ಷಿ ತೋಟ. ಈ ತೋಟಗಳ ಗೋಡೆಗಳನ್ನು ಗಾರೆಯಿಲ್ಲದೆ, ಬರಿಯ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದಾರೆ. ಮಳೆಯ ನೀರು ಸಂದಿಗಳಿಂದ ಹರಿದುಹೋಗುವುದರಿಂದ ಗೋಡೆಗೆ ಒತ್ತಡ ಬೀಳುವುದಿಲ್ಲ, ಹಗಲಿನ ಬಿಸಿಲನ್ನು ಹೀರಿದ ಕಲ್ಲು ಇರುಳಿನಲ್ಲಿ ಬಳ್ಳಿಗೆ ಬೆಚ್ಚಗಿನ ಆಸರೆಯಾಗುತ್ತದೆ. ಬಿಸಿಲಿದ್ದರೆ ಆ ಸಂದಿಗಳಲ್ಲಿ ಪಚ್ಚೆ ಬಣ್ಣದ ಹಲ್ಲಿಗಳು ಮೈಕಾಯಿಸುವುದನ್ನು ನೋಡಬಹುದು. ಇಲ್ಲಿನ ಅತ್ಯುತ್ತಮ ದ್ರಾಕ್ಷಾರಸದ ವರ್ಗಕ್ಕೆ ಪಚ್ಚೆ ಎಂಬ ಅರ್ಥದ ಸ್ಮರಾಗ್ಡ್ ಎಂಬ ಹೆಸರು ಬಂದದ್ದು ಆ ಹಲ್ಲಿಯಿಂದಲೇ. ಈ ದಾರಿಯಲ್ಲಿ ಡ್ಯಾನ್ಯೂಬ್ ಸೈಕಲ್ ಯಾತ್ರಿಗಳು ವೇಗವಾಗಿ ಬರುತ್ತಾರೆ, ಒಬ್ಬರ ಹಿಂದೆ ಒಬ್ಬರು ನಡೆಯುವುದು ಕ್ಷೇಮ. ನಡುವೆ ಆಯಾಸವಾದರೆ ಉತ್ತರ ದಡದ ಬಸ್ಸು ಇದೇ ಹಳ್ಳಿಗಳನ್ನು ಹಾದುಹೋಗುತ್ತದೆ. ವೇಳಾಪಟ್ಟಿಯ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡಿರಿ.

ಏಪ್ರಿಕಾಟ್ ಹೂವಿನ ಬಗ್ಗೆ ಕೇಳಿದ್ದೀರಿ. ನಮ್ಮಲ್ಲಿ ಒಣಗಿಸಿ ಮಾರುವ ಜರ್ದಾಲಿನ ಈ ಮರವನ್ನು ಅಲ್ಲಿನವರು ಮರಿಲ್ಲೆ ಎನ್ನುತ್ತಾರೆ. ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಹೂಬಿಡುವ ಕಾಲ, ಆದರೆ ಚಳಿಗಾಲ ಬೇಗ ಮುಗಿದ ವರ್ಷ ನೀವು ಹೋಗುವ ಹೊತ್ತಿಗೆ ಹೂ ಉದುರಿರಬಹುದು. ಹೂಬಿಟ್ಟ ಮೇಲೆ ಇಬ್ಬನಿ ಹೆಪ್ಪುಗಟ್ಟಿದರೆ ಆ ವರ್ಷದ ಫಲವೇ ಹೋಗುವುದರಿಂದ ರೈತರು ಇರುಳೆಲ್ಲ ತೋಟದಲ್ಲಿ ಬೆಂಕಿ ಹಾಕಿ ಕಾಯುತ್ತಾರೆ. ಆದ್ದರಿಂದ ಚಿತ್ರ ತೆಗೆಯುವುದಕ್ಕೆಂದು ತೋಟದೊಳಗೆ ಕಾಲಿಡದೆ ದಾರಿಯಲ್ಲೇ ನಿಂತು ನೋಡಬೇಕೆಂದು ಎಲ್ಲರಲ್ಲೂ ನನ್ನ ಕೋರಿಕೆ.

ವೈಸನ್‌ಕಿರ್ಖೆನ್‌ನಲ್ಲಿ ಸೇರಿದ ಮೇಲೆ ಕೋಟೆಯಂತೆ ಭದ್ರಪಡಿಸಿದ ಚರ್ಚನ್ನು ನೋಡಿ, ಅಲ್ಲಿಗೆ ಮಾಡು ಹೊದಿಸಿದ ಮರದ ಮೆಟ್ಟಿಲಿದೆ. ನಂತರ ನದಿಗೆ ಇಳಿಯಿರಿ. ಅಲ್ಲಿಂದ ಆಚೆ ದಡದ ಸಾಂಕ್ಟ್ ಲೊರೆಂಟ್ಸ್‌ಗೆ ಹೋಗುವ ಕಡವಿಗೆ ಮುಂದೂಡುವ ಎಂಜಿನ್ ಇಲ್ಲ. ನದಿಗೆ ಅಡ್ಡಲಾಗಿ ಎತ್ತರದಲ್ಲಿ ಉಕ್ಕಿನ ಹಗ್ಗ ಎಳೆದಿದ್ದಾರೆ. ಅದರ ಮೇಲೆ ಉರುಳುವ ರಾಟೆಗೆ ದೋಣಿಯನ್ನು ಕಟ್ಟಿ, ಚುಕ್ಕಾಣಿಯಿಂದ ಪ್ರವಾಹಕ್ಕೆ ಓರೆಯಾಗಿ ತಿರುಗಿಸಿದರೆ ನೀರಿನ ಒತ್ತಡವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಹೊಳೆಬಾಗಿಲಿನಲ್ಲಿ ಸಿಗಂದೂರಿನ ಲಾಂಚ್‌ಗೆ ಸಾಲುನಿಂತ ನೆನಪಿರುವ ನಿಮ್ಮ ತಂದೆತಾಯಿಗೆ ಈ ಸದ್ದಿಲ್ಲದ ಪಯಣ ಖಂಡಿತ ಹಿಡಿಸುತ್ತದೆ. ಹೋಗಿ ಅದರಲ್ಲೇ ಮರಳಿ ಬನ್ನಿ.

ಊಟಕ್ಕೆ ಹೊಯ್ರಿಗೆ ಎಂಬ ತೋಟದ ಮನೆಗಳು ಚೆನ್ನಾಗಿರುತ್ತವೆ. ಬಾಗಿಲ ಮೇಲೆ ಹಸಿರು ಸೊಪ್ಪಿನ ಗುಚ್ಛ ತೂಗುಹಾಕಿದ್ದರೆ ಆ ಮನೆ ತೆರೆದಿದೆ ಎಂದರ್ಥ. ಒಂದೊಂದು ಮನೆ ವರ್ಷದಲ್ಲಿ ಕೆಲವೇ ವಾರ ತೆರೆಯುತ್ತದೆ. ಸಸ್ಯಾಹಾರಿಗಳಿಗೆ ರೊಟ್ಟಿಯ ಮೇಲೆ ಹಚ್ಚುವ ಲಿಪ್ಟೌವರ್ ಎಂಬ ಕೆಂಪು ಬಣ್ಣದ ಮೆತ್ತನೆಯ ಚೀಸ್, ಬೇರೆ ಬಗೆಬಗೆಯ ಚೀಸ್, ದ್ರಾಕ್ಷಿ ಮತ್ತು ಮರಿಲ್ಲೆ ಹಣ್ಣಿನ ರಸ ಸಿಗುತ್ತವೆ. ಮರಿಲ್ಲೆ ಹಣ್ಣನ್ನು ಒಳಗಿಟ್ಟು ಮಾಡುವ ಕಡುಬಿನ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ತಾಯಿಯವರು ತಿನ್ನದಿದ್ದರೆ ಮೊದಲೇ ಕೇಳಿ.

ಒಂದು ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಕಾಡು ಮತ್ತು ಹುಲ್ಲಿನಲ್ಲಿ ಉಣುಗುಗಳಿವೆ. ಅವುಗಳಿಂದ ಹರಡುವ ಮಿದುಳಿನ ಜ್ವರ ಆಸ್ಟ್ರಿಯಾದಲ್ಲಿ ಇದ್ದೇ ಇದೆ. ಅದರ ವೈರಾಣು, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಾಣುವಿನ ಗುಂಪಿಗೇ ಸೇರಿದ್ದು, ಆದ್ದರಿಂದ ನಿಮ್ಮ ತಂದೆತಾಯಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು. ಇಲ್ಲಿನ ಲಸಿಕೆಯನ್ನು ವಾರಗಳ, ತಿಂಗಳುಗಳ ಅಂತರದಲ್ಲಿ ಹಲವು ಸಲ ಕೊಡುವುದರಿಂದ ವೈದ್ಯರನ್ನು ಈಗಲೇ ಕೇಳಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ನಡೆಯಿರಿ, ರಾತ್ರಿ ಸ್ನಾನದ ವೇಳೆ ಮೈಯೆಲ್ಲ ನೋಡಿಕೊಳ್ಳಿ. ಬೆಟ್ಟದಲ್ಲಿ ಅವಘಡವಾದರೆ ಪರ್ವತ ರಕ್ಷಣಾ ದಳದ ಸಂಖ್ಯೆ 140.

ವಿಯೆನ್ನಾದ ಫ್ರಾಂಟ್ಸ್ ಜೋಸೆಫ್ ನಿಲ್ದಾಣದಿಂದ ಕ್ರೆಮ್ಸ್‌ಗೆ ರೈಲಿನಲ್ಲಿ ಒಂದು ಗಂಟೆಗೆ ತುಸು ಹೆಚ್ಚು, ಅಲ್ಲಿಂದ ಬಸ್ಸು. ಹಡಗಿನಲ್ಲೂ ಕೂರಬೇಕೆಂದಿದ್ದರೆ ಸಮಯ ನೋಡಿಕೊಳ್ಳಿ: ಕ್ರೆಮ್ಸ್‌ನಿಂದ ಮೆಲ್ಕ್‌ಗೆ ಪ್ರವಾಹಕ್ಕೆ ಎದುರಾಗಿ ಸುಮಾರು ಮೂರು ಗಂಟೆ, ಮೆಲ್ಕ್‌ನಿಂದ ಕೆಳಗೆ ಬರುವಾಗ ಎರಡು ಗಂಟೆಯೂ ಬೇಡ. ಮೆಲ್ಕ್ ಮಠವನ್ನು ಈ ಎರಡು ದಿನಗಳಲ್ಲಿ ತುರುಕಬೇಡಿ, ಅದಕ್ಕೆ ಬೇರೆಯ ದಿನ ಬೇಕು. ಜೋರು ಮಳೆ ಹಿಡಿದು ಬೆಟ್ಟ ಕೈಬಿಡಬೇಕಾದರೆ ಮಾತ್ರ ಅತ್ತ ಹೋಗಿ. ವಿಲೆಂಡಾರ್ಫ್‌ಗೂ ಹೋಗುವ ಅಗತ್ಯವಿಲ್ಲ: 1908ರಲ್ಲಿ ಅಲ್ಲಿ ಸಿಕ್ಕ, ಕೇವಲ 11 ಸೆಂ.ಮೀ. ಎತ್ತರದ ಶಿಲಾಯುಗದ ಸ್ತ್ರೀಮೂರ್ತಿ ನಿಮ್ಮ ವಿಯೆನ್ನಾದ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲೇ ಇದೆ.

ತಾಯಿಯವರಿಗೆ ಉದ್ದ ಹೊಂದಿಸಬಹುದಾದ ಒಂದು ಜೊತೆ ಚಾರಣದ ಕೋಲುಗಳನ್ನು ವಿಯೆನ್ನಾದಲ್ಲೇ ಕೊಂಡುಕೊಳ್ಳಿ. ಇಳಿಯುವಾಗ ಕೋಲನ್ನು ಸ್ವಲ್ಪ ಉದ್ದ ಮಾಡಿಕೊಂಡು, ಕಾಲಿಗಿಂತ ಮೊದಲು ಕೋಲನ್ನು ಊರಿ, ಭಾರವನ್ನು ಕೈಗೆ ಕೊಡುವುದನ್ನು ಅವರು ಬಂದ ಮರುದಿನದಿಂದಲೇ ಮನೆಯ ಮೆಟ್ಟಿಲುಗಳಲ್ಲಿ ಅಭ್ಯಾಸ ಮಾಡಿಸಿ. ಚಿಕ್ಕಮ್ಮನವರು ಕೋಟೆಯಿಂದ ನೋವಿಲ್ಲದೆ ಇಳಿದದ್ದು ಹಾಗೆಯೇ.