ಎರಡು ಜೊತೆ ಗ್ಲೌಸ್ ಹಾಕಿ ನಾಡಿ ನೋಡಿದೆ

ಪ್ರಶ್ನೆ: ನಾನು ನರ್ಸಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ಕಳೆದ ವಾರ ವಾರ್ಡಿನಲ್ಲಿ ಎಚ್‌ಐವಿ ಸೋಂಕಿರುವ ರೋಗಿಯೊಬ್ಬರ ಆರೈಕೆಯನ್ನು ನನಗೆ ಒಪ್ಪಿಸಿದ್ದರು. ಈ ವೈರಸ್ ಮುಟ್ಟಿದರೆ ಹರಡುವುದಿಲ್ಲವೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು. ಆದರೂ ಎರಡು ಜೊತೆ ಗ್ಲೌಸ್ ಹಾಕಿಕೊಂಡೇ ಅವರ ನಾಡಿ ನೋಡಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು, ಏನೂ ಹೇಳಲಿಲ್ಲ. ಸೂಜಿ ಚುಚ್ಚಿಕೊಂಡರೆ ಗತಿಯೇನೆಂದು ಮನೆಯವರಿಗೂ ಹೆದರಿಕೆ. ಇಂಥ ರೋಗಿಗಳ ಆರೈಕೆ ನನಗೆ ಬೇಡವೆಂದರೆ ತಪ್ಪೇ?
– ಹೆಸರು ಬೇಡ

ಉತ್ತರ: ಆ ರೋಗಿಯ ನೋಟ ಎಲ್ಲಿತ್ತೆಂಬುದನ್ನು ನೀವು ಗಮನಿಸಿ, ಮುಚ್ಚಿಡದೆ ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಅದೇ. ನಾಡಿ ನೋಡಲು, ರಕ್ತದೊತ್ತಡ ಅಳೆಯಲು, ಊಟ ಮಾಡಿಸಲು ಒಂದು ಜೊತೆ ಗ್ಲೌಸ್ ಕೂಡ ಬೇಕಿಲ್ಲ. ರಕ್ತ ಅಥವಾ ದೇಹದ್ರವ ತಗಲುವ ಸಂಭವವಿರುವ ಕೆಲಸಕ್ಕೆ ಮಾತ್ರ ಅದು ಬೇಕು. ಬೇಡದ ಕಡೆ ಹಾಕಿದ ಗ್ಲೌಸ್ ನಿಮ್ಮನ್ನು ಯಾವುದರಿಂದಲೂ ಕಾಯುವುದಿಲ್ಲ, ಆದರೆ ಅಕ್ಕಪಕ್ಕದ ಹಾಸಿಗೆಯವರ ಮುಂದೆ ಆ ರೋಗಿಯ ಗುಟ್ಟನ್ನು ಬಯಲು ಮಾಡಿಬಿಡುತ್ತದೆ.

ಸೂಜಿಯ ಭಯಕ್ಕೆ ಆಧಾರವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದ 1,000 ಪ್ರಸಂಗಗಳಲ್ಲಿ ಸುಮಾರು 3ರಲ್ಲಿ ಮಾತ್ರ ಎಚ್‌ಐವಿ ತಗಲುತ್ತದೆ. ರೋಗಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧವನ್ನು ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದಿದ್ದರೆ ಈ ಸಂಭವ ಇನ್ನೂ ಬಹಳ ಕಡಿಮೆ. ಇದಕ್ಕೆ ಹೋಲಿಸಿದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಸೋಂಕು ಸೂಜಿಯ ಮೂಲಕ ತಗಲುವ ಸಂಭವ 100ಕ್ಕೆ 30ರವರೆಗೂ ಹೋಗುತ್ತದೆ. ಎಚ್‌ಐವಿ ಎಂದರೆ ಬೆಚ್ಚಿಬೀಳುವ ಎಷ್ಟೋ ವಿದ್ಯಾರ್ಥಿಗಳು ಆ ಲಸಿಕೆಯ ಮೂರನೇ ಡೋಸನ್ನು ಮರೆತೇ ಇರುತ್ತಾರೆ. ನೀವು ಮುಗಿಸಿದ್ದೀರಾ, ಇಂದೇ ನೋಡಿಕೊಳ್ಳಿ.

ಒಂದು ವೇಳೆ ಸೂಜಿ ಚುಚ್ಚಿದರೆ ಆ ಜಾಗವನ್ನು ಹಿಂಡಬೇಡಿ, ಬೆರಳನ್ನು ಬಾಯಿಗಿಡಬೇಡಿ. ಸೋಪು ನೀರಿನಿಂದ ತೊಳೆದು ತಕ್ಷಣ ಮೇಲಿನವರಿಗೆ ತಿಳಿಸಿ. ಬೈಯುತ್ತಾರೆಂದು ಸುಮ್ಮನಿದ್ದು ಮರುದಿನ ಹೇಳುವವರೂ ಇದ್ದಾರೆ, ನನಗೆ ಅದೇ ದೊಡ್ಡ ಚಿಂತೆ. ಸೋಂಕು ತಡೆಯುವ ಔಷಧವನ್ನು ಕೆಲವೇ ಗಂಟೆಗಳೊಳಗೆ ಶುರುಮಾಡಬೇಕು, 72 ಗಂಟೆ ಮೀರಬಾರದು, 28 ದಿನ ಬಿಡದೆ ತೆಗೆದುಕೊಳ್ಳಬೇಕು. ಬಳಸಿದ ಸೂಜಿಗೆ ಎರಡು ಕೈಯಿಂದ ಮತ್ತೆ ಕ್ಯಾಪ್ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ; ಸೂಜಿ ಹಾಕುವ ಡಬ್ಬಿ ಕೈಗೆಟುಕುವಷ್ಟು ಹತ್ತಿರವಿದೆಯೇ ಎಂದು ಇಂಜೆಕ್ಷನ್ ಕೊಡುವ ಮೊದಲೇ ನೋಡಿಕೊಳ್ಳಿ.

ಇನ್ನೊಂದು ಮಾತು. ನೀವು ಹೆದರಿದ್ದು ಸೋಂಕಿದೆಯೆಂದು ಕೇಸ್ ಶೀಟಿನಲ್ಲಿ ಬರೆದಿದ್ದ ರೋಗಿಗೆ. ಅದೇ ವಾರ್ಡಿನಲ್ಲಿ ಸೋಂಕಿದ್ದೂ ಪರೀಕ್ಷೆಯಾಗದವರು, ಪರೀಕ್ಷೆಯಾದರೂ ಸೋಂಕು ತಗಲಿದ ಮೊದಲ ದಿನಗಳಾದ್ದರಿಂದ ವರದಿಯಲ್ಲಿ ಕಾಣಿಸದವರು ಇರಬಹುದು. ಅಂಥವರ ರಕ್ತ ತೆಗೆಯುವಾಗ ನಿಮ್ಮ ಕೈ ಎಷ್ಟು ಜಾಗರೂಕವಾಗಿತ್ತು? ರೋಗದ ಹೆಸರು ನೋಡಿ ಎಚ್ಚರ ವಹಿಸುವ ಬದಲು ಎಲ್ಲ ರೋಗಿಗಳಿಗೂ ಒಂದೇ ಮುನ್ನೆಚ್ಚರಿಕೆ ಪಾಲಿಸಬೇಕೆಂಬ ನಿಯಮವನ್ನು 1980ರ ದಶಕದಿಂದ ಕಲಿಸುತ್ತಿರುವುದು ಈ ಕಾರಣಕ್ಕೇ.

ಆರೈಕೆ ಬೇಡವೆನ್ನುವುದು ತಪ್ಪು. ಒಂದು ಕೆಲಸ ನಿಮಗೆ ಇನ್ನೂ ಕಲಿಸಿಲ್ಲವೆಂದರೆ, ಕೈಯಲ್ಲಿ ಹಸಿಗಾಯವಿದ್ದರೆ ಅದನ್ನು ಹೇಳಿ, ಯಾರೂ ಆಕ್ಷೇಪಿಸಬಾರದು. ಆದರೆ ರೋಗದ ಹೆಸರು ನೋಡಿ ರೋಗಿಯನ್ನು ಆರಿಸಿಕೊಳ್ಳಲು ನಮ್ಮ ವೃತ್ತಿಯಲ್ಲಿ ಅವಕಾಶವಿಲ್ಲ. ಆಸ್ಪತ್ರೆಯಲ್ಲಿ ಒಮ್ಮೆ ಅವಮಾನಿತನಾದವನು ಮುಂದಿನ ಸಲ ಸೋಂಕಿನ ವಿಷಯವನ್ನೇ ಮುಚ್ಚಿಡುತ್ತಾನೆ, ಇಲ್ಲವೇ ಬರುವುದನ್ನೇ ಬಿಡುತ್ತಾನೆ; ಔಷಧ ತಪ್ಪಿದರೆ ವೈರಸ್ ಮತ್ತೆ ಏರುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ಹಿರಿಯರೊಬ್ಬರು ಇಂಥ ರೋಗಿಯ ಹಾಸಿಗೆಯ ಬಳಿ ನಿಂತು ಮೊದಲು ಕೇಳುತ್ತಿದ್ದ ಪ್ರಶ್ನೆ, "ಹೇಗೆ ಬಂತು?" ಚಿಕಿತ್ಸೆಗೆ ಆ ಉತ್ತರದಿಂದ ಏನೂ ಆಗಬೇಕಿರಲಿಲ್ಲ. ನಾವೆಲ್ಲ ಹಿಂದೆ ನಿಂತು ಕೇಳಿಸಿಕೊಂಡೆವು, ಕೆಲವರು ಅದನ್ನೇ ಕಲಿತರು. ನಿಮ್ಮ ಭಯದಲ್ಲಿಯೂ ಇಂಥ ಯಾವುದೋ ಹಿರಿಯರ ನಡೆಯ ಪಾಲಿರಬಹುದು, ಯೋಚಿಸಿ.

ಆ ರೋಗಿ ಇನ್ನೂ ವಾರ್ಡಿನಲ್ಲಿದ್ದರೆ ಅವರನ್ನು ನಿಮಗೇ ಒಪ್ಪಿಸುವಂತೆ ಸಿಸ್ಟರ್ ಅವರನ್ನು ಕೇಳಿ. ಕೈ ತೊಳೆದುಕೊಂಡು, ಪಕ್ಕದಲ್ಲಿ ಕುಳಿತು, ಬರಿಗೈಯಿಂದ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ರಾತ್ರಿ ನಿದ್ದೆ ಬಂತೇ ಎಂದು ವಿಚಾರಿಸಿ.