ಹಿತ್ತಲ ಮಾತು: ಒಂದು ಗುಂಟೆ ಜಾಗ, ಒಂದು ಮಡಿಲು ಸೊಪ್ಪು

ಪ್ರಶ್ನೆ: ಅಕ್ಕಾ, ನೆಲಮಂಗಲದ ಹತ್ತಿರ 30×40 ಸೈಟಿನಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಪಕ್ಕದ ಸೈಟೂ ನಮ್ಮದೇ, ಖಾಲಿ ಇದೆ. ಮನೆಯಲ್ಲಿ ನಾಲ್ಕು ಜನ. ನಮ್ಮ ಊಟಕ್ಕೆ ಬೇಕಾದ್ದನ್ನೆಲ್ಲ ಅಲ್ಲೇ ಬೆಳೆದುಕೊಳ್ಳಬೇಕು ಅಂತ ಆಸೆ. ಆಗುತ್ತಾ? ಇನ್ನೊಂದು, ನಮ್ಮ ಮನೆಗೆಲಸಕ್ಕೆ ಬರುವವರು ಆ ಸೈಟಿನಿಂದ ಏನೇನೋ ಸೊಪ್ಪು ಕೊಯ್ದುಕೊಂಡು ಹೋಗುತ್ತಾರೆ. ಅದನ್ನು ನಾವೂ ತಿನ್ನಬಹುದಾ?
— ಓದುಗರೊಬ್ಬರು, ನೆಲಮಂಗಲ

ಉತ್ತರ: ತಂಗೀ, ಮೊದಲು ಲೆಕ್ಕ ಹಾಕೋಣ. ನಿಮ್ಮ ಖಾಲಿ ಸೈಟು 1,200 ಚದರ ಅಡಿ. ಒಂದು ಗುಂಟೆ 1,089 ಚದರ ಅಡಿ. ಅಂದರೆ ನಿಮ್ಮ ಹತ್ತಿರ ಇರುವುದು ಒಂದು ಗುಂಟೆಗಿಂತ ಚೂರು ಜಾಸ್ತಿ. ಮಳೆ ಕೈಕೊಡದಿದ್ದರೆ ಖುಷ್ಕಿ ರಾಗಿ ಎಕರೆಗೆ ಎಂಟು ಕ್ವಿಂಟಲ್ ಅಂತ ಇಟ್ಟುಕೊಳ್ಳಿ. ಎಕರೆಗೆ 40 ಗುಂಟೆ. ಗುಂಟೆಗೆ ಬರುವುದು 20 ಕೆಜಿ. ದಿನಕ್ಕೆ ಒಂದು ಕೆಜಿ ಹಿಟ್ಟು ಖರ್ಚಾಗುವ ಮನೆಗೆ ಅದು ಇಪ್ಪತ್ತು ದಿನದ ಮುದ್ದೆ. ಹಾಗಾಗಿ ಕಾಳಿನ ಆಸೆ ಬಿಡಿ. ರಾಗಿ, ಅಕ್ಕಿ, ಬೇಳೆಯನ್ನು ಬೆಳೆದವರ ಹತ್ತಿರವೇ ಹೋಗಿ ಕೊಂಡುಕೊಳ್ಳಿ. ಆದರೆ ಸೊಪ್ಪು ಅಂತ ಬಂದರೆ ಅದೇ ಒಂದು ಗುಂಟೆ ನಿಮ್ಮ ಮನೆಗೆ ಸಾಕಾಗಿ ಅಕ್ಕಪಕ್ಕದವರಿಗೂ ಕೊಡುವಷ್ಟು ಬರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಖುಷಿಯಾಗಿದ್ದು ಕೊನೆಯ ಮಾತಿಗೆ. ಸೊಪ್ಪು ಕೊಯ್ದುಕೊಂಡು ಹೋಗುತ್ತಾರಲ್ಲ, ಅವರೇ ನಿಮ್ಮ ಮೇಷ್ಟ್ರು. ಅವರು ಒಯ್ಯುತ್ತಿರುವುದು ಬೆರಕೆ ಸೊಪ್ಪು, ಅಂದರೆ ಬಿತ್ತದೆ ತಾನಾಗೇ ಬೆಳೆಯುವ ಹಲವು ಥರದ ಸೊಪ್ಪು ಬೆರೆಸಿದ್ದು. ಮುಂದಿನ ಸಲ ಜೊತೆಗೆ ಹೋಗಿ. ಕೆಲಸ ಬಿಟ್ಟು ಕಲಿಸಿಕೊಟ್ಟರೆ ಆ ಹೊತ್ತಿಗೂ ಸಂಬಳ ಕೊಡಿ. ನೀವು ಕಲಿತುಕೊಂಡ ಮೇಲೂ ಅವರ ಪಾಲಿನ ಸೊಪ್ಪು ಅವರಿಗೆ ಇರಲಿ.

ನಾನು ಕಲಿತಿದ್ದೂ ಹೀಗೆಯೇ. ಮದುವೆಯಾಗಿ ಗುಬ್ಬಿ ಕಡೆಯ ಹಳ್ಳಿಗೆ ಬಂದಾಗ ನನಗೆ ಗೊತ್ತಿದ್ದಿದ್ದು ದಂಟು, ಮೆಂತ್ಯ, ಸಬ್ಬಸಿಗೆ ಇಷ್ಟೇ. ಆಶ್ಲೇಷ ಮಳೆ ಬಿದ್ದು ರಾಗಿ ಹೊಲದಲ್ಲಿ ಕಳೆ ಕೀಳುವ ಕಾಲ. ಸಾಲಿನಲ್ಲಿ ಕೂತು ಕೀಳುತ್ತಾ ಅತ್ತೆ ಒಂದನ್ನು ಬದಿಗೆ ಎಸೆಯುತ್ತಿದ್ದರು, ಒಂದನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಕೈ ಓಡುವ ಬಿರುಸಿಗೆ ಯಾವುದು ಕಳೆ, ಯಾವುದು ಸಾರಿಗೆ ಅಂತ ನನಗೆ ತಿಳಿಯುತ್ತಲೇ ಇರಲಿಲ್ಲ. ಅವರು ಹತ್ತು ಹೆಸರು ಒಂದೇ ದಿನ ಹೇಳಲಿಲ್ಲ. ಮೊದಲು ಅಣ್ಣೆ ಸೊಪ್ಪು ಮಾತ್ರ. "ಇದನ್ನೇ ಕುಯ್ಯಿ, ಬೇರೆ ಮುಟ್ಟಬೇಡ" ಅಂದರು. ಅದು ಎರಡೆಲೆ ಸಸಿಯಾಗಿದ್ದಾಗ ಹೇಗಿರುತ್ತೆ, ಚಿಗುರು ಹೇಗೆ, ತೆನೆಯಂಥ ಬಿಳಿ ಗುಲಾಬಿ ಹೂವು ಬಂದಾಗ ಹೇಗೆ ಅಂತ ತೋರಿಸಿದ ಮೇಲೇ ಎರಡನೇ ಸೊಪ್ಪು. ಆ ಇಡೀ ವರ್ಷ ಕಲಿತಿದ್ದು ಐದೇ ಸೊಪ್ಪು. ಆದರೆ ಆ ಐದನ್ನು ಇವತ್ತಿಗೂ ಮಸಕು ಬೆಳಕಲ್ಲಿ ನಿಂತು ಗುರುತಿಸುತ್ತೇನೆ.

ನಿಮ್ಮ ಸೈಟಿನಲ್ಲಿ ಅಣ್ಣೆ ಇರಬಹುದು. ಹೂವು ಬರುವ ಮೊದಲು ಕೊಯ್ಯಬೇಕು. ತೇವದ ಜಾಗದಲ್ಲಿ ನೆಲಕ್ಕೆ ಹಬ್ಬಿ, ಗೆಣ್ಣಿಗೊಂದು ಬಿಳಿ ಉಂಡೆ ಹೂವು ಬಿಡುವುದು ಹೊನಗೊನೆ. ನೀಲಿ ಹೂವಿನದು ಕನ್ನೆ ಸೊಪ್ಪು. ದಪ್ಪ ಎಲೆ, ಕೆಂಪು ಕಾಂಡ, ಬಾಯಿಗಿಟ್ಟರೆ ಹುಳಿ, ಹಳದಿ ಹೂವು, ಅದು ಗೋಣಿ ಸೊಪ್ಪು. ಇದರ ಪಕ್ಕದಲ್ಲೇ ನೆಲಕ್ಕೆ ಅಂಟಿಕೊಂಡು ಬೆಳೆಯುವ ಇನ್ನೊಂದು ಕಳೆ ಇರುತ್ತದೆ. ದೂರದಿಂದ ಅದೇ ಥರ. ಮುರಿದು ನೋಡಿ. ಬಿಳಿ ಹಾಲು ಬಂದರೆ ಅದು ಗೋಣಿ ಅಲ್ಲ, ಎಸೆಯಿರಿ. ಮನೆಯಲ್ಲಿ ಕಿಡ್ನಿ ಕಲ್ಲು ಇರುವವರಿದ್ದರೆ ಅವರಿಗೆ ಗೋಣಿ ಬಡಿಸಬೇಡಿ. ಗಣಿಕೆ ಸೊಪ್ಪಿನ ಎಲೆ ಬೇಯಿಸಿ ತಿನ್ನಬಹುದು, ಹಸಿರು ಕಾಯಿ ಮಾತ್ರ ಬೇಡ, ಅದರಲ್ಲಿ ವಿಷದ ಅಂಶ ಇದೆ. ಉಮ್ಮತ್ತಿ ವಿಷದ ಗಿಡ, ಅದರ ಸಸಿಯನ್ನು ಮೊದಲ ದಿನವೇ ತೋರಿಸಿಕೊಳ್ಳಿ. ತಿನ್ನುವ ಸೊಪ್ಪು ಗೊತ್ತಿರುವಷ್ಟೇ ತಿನ್ನಬಾರದ್ದೂ ಗೊತ್ತಿರಬೇಕು, ಅಲ್ವಾ?

ಕೊಯ್ಯುವಾಗ ಬೇರು ಸಮೇತ ಕೀಳಬೇಡಿ. ಕುಡಿಯನ್ನು ಉಗುರಲ್ಲಿ ಚಿವುಟಿ. ಪಟಕ್ಕನೆ ಮುರಿದರೆ ಎಳೆಯದು. ನಾರು ಎಳೆದುಕೊಂಡು ಬಂದರೆ ಬಲಿತಿದೆ, ಬಿಟ್ಟುಬಿಡಿ, ಬೀಜ ಉದುರಿಸಿಕೊಳ್ಳಲಿ. ತೊಳೆಯುವಾಗ ಅಗಲವಾದ ಪಾತ್ರೆ ತುಂಬ ನೀರು ಹಾಕಿ ಸೊಪ್ಪು ಮುಳುಗಿಸಿ, ಐದು ನಿಮಿಷ ಬಿಡಿ. ಆಮೇಲೆ ನೀರು ಬಗ್ಗಿಸಬಾರದು. ಬಗ್ಗಿಸಿದರೆ ತಳದ ಮರಳು ಮತ್ತೆ ಸೊಪ್ಪಿನ ಮೇಲೇ ಬಂದು ಕೂರುತ್ತದೆ. ಸೊಪ್ಪನ್ನು ಕೈಯಲ್ಲಿ ಎತ್ತಿ ಬೇರೆ ಪಾತ್ರೆಗೆ ಹಾಕಿ. ಹೀಗೆ ಮೂರು ಸಲ. ಮೂರನೇ ನೀರಿನ ತಳ ಬೆರಳಿಗೆ ನುಣ್ಣಗೆ ಸಿಗಬೇಕು. ಆಮೇಲೆ ತೊಗರಿಬೇಳೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಬೇಯಿಸಿ, ಹುಣಸೆಹುಳಿ ಬಿಟ್ಟು, ಮಂತಿನಲ್ಲಿ ಮಸೆದರೆ ಮಸ್ಸೊಪ್ಪು. ಮಿಕ್ಸಿಗೆ ಹಾಕಬೇಡಿ, ಅಂಟಂಟಾಗುತ್ತದೆ.

ಈಗ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಪಕ್ಕದ ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು ನಳನಳಿಸುತ್ತಿತ್ತು. ಕೊಯ್ದು ತಂದು ಸಾರು ಮಾಡಿದೆ. ಎಲ್ಲರೂ ಊಟ ಮಾಡಿದೆವು. ನಾಲ್ಕು ದಿನ ಬಿಟ್ಟು ಹೋದರೆ ಬದುವಿನ ಹುಲ್ಲೆಲ್ಲ ಹಳದಿಯಾಗಿತ್ತು. ನಾನು ಕೊಯ್ಯುವ ಹಿಂದಿನ ದಿನ ಕಳೆನಾಶಕ ಹೊಡೆದಿದ್ದರಂತೆ. ಹೊಡೆದ ತಕ್ಷಣ ಗಿಡ ಬಾಡುವುದಿಲ್ಲ, ಹಸಿರಾಗೇ ಕಾಣುತ್ತದೆ. ಯಾರಿಗೂ ಏನೂ ಆಗಲಿಲ್ಲ. ಆದರೂ ಆ ವಾರ ರಾತ್ರಿ ಎದ್ದೆದ್ದು ಮೊಮ್ಮಗಳ ಮೈ ಮುಟ್ಟಿ ನೋಡುತ್ತಿದ್ದೆ. ಅವತ್ತಿನಿಂದ ಬೇರೆಯವರ ನೆಲದಲ್ಲಿ ಕೇಳದೆ ಒಂದು ಕುಡಿಯನ್ನೂ ಚಿವುಟಿಲ್ಲ. "ಔಷಧಿ ಹೊಡೆದಿದ್ದೀರಾ?" ಅಂತ ಬಾಯಿಬಿಟ್ಟು ಕೇಳಿ. ಚರಂಡಿ ಪಕ್ಕದ ಹೊನಗೊನೆ ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಕೊಳಚೆ ನೀರಿನಲ್ಲಿರುವ ಸೀಸದಂಥದ್ದನ್ನು ಅದು ಹೀರಿಕೊಂಡಿರುತ್ತದೆ, ತೊಳೆದರೆ ಹೋಗುವಂಥದ್ದಲ್ಲ.

ಸೈಟಿನ ಅರ್ಧ ಭಾಗವನ್ನು ಸುಮ್ನೆ ಬಿಡಿ, ಬೆರಕೆ ಸೊಪ್ಪಿಗೆ. ಉಳಿದರ್ಧದಲ್ಲಿ ಬೆಳೆಯಿರಿ. ಬಡಾವಣೆಯ ನೆಲ ಅಂದರೆ ಜಲ್ಲಿ, ಸಿಮೆಂಟ್ ಚೂರು ತುಂಬಿರುತ್ತದೆ. ಅದನ್ನು ಆರಿಸಿ ತೆಗೆದು ಮೊದಲ ಮಳೆಗೆ ಒತ್ತಾಗಿ ಹುರುಳಿ ಚೆಲ್ಲಿ, ಹೂವು ಬಂದಾಗ ಹಾಗೇ ಮಣ್ಣಿಗೆ ಮಗುಚಿ. ಆಮೇಲೆ ಹರಿವೆ ಹಾಕಿ. ಬೀಜ ಸಾಸಿವೆಗಿಂತ ಸಣ್ಣದು, ಮರಳಿನ ಜೊತೆ ಬೆರೆಸಿ ಎರಚಬೇಕು. ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಹದಿನೈದು ದಿನಕ್ಕೊಂದು ಮಡಿ ಹಾಕುತ್ತಾ ಹೋದರೆ ತಪ್ಪದೆ ಸಿಗುತ್ತದೆ. ಮೂಲೆಗೊಂದು ನುಗ್ಗೆ ಕೊಂಬೆ ನೆಡಿ, ಬೇಲಿಗೆ ಬಸಳೆ, ಚಪ್ಪರದವರೆ ಹಬ್ಬಿಸಿ.

ಪ್ರಶ್ನೆ: ಚಕ್ರಮುನಿ ಸೊಪ್ಪಿಗೆ ವಿಟಮಿನ್ ಸೊಪ್ಪು ಅಂತಾರಲ್ಲ, ದಿನಾ ಬೆಳಗ್ಗೆ ಹಸಿ ಜ್ಯೂಸ್ ಮಾಡಿ ಕುಡಿಯಬಹುದಾ?
— ಓದುಗರೊಬ್ಬರು, ಹಾಸನ

ಉತ್ತರ: ಬೇಡ. ದಯವಿಟ್ಟು ಬೇಡ. 1990ರ ದಶಕದಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ ಶ್ವಾಸಕೋಶದ ಸಣ್ಣ ಕೊಳವೆಗಳು ಕಟ್ಟಿಕೊಂಡು ಉಸಿರಾಟವೇ ಕಷ್ಟವಾಯಿತು. ಹಾಳಾದದ್ದು ಮತ್ತೆ ಸರಿಹೋಗಲಿಲ್ಲ. ಗಿಡ ಕಿತ್ತು ಹಾಕಬೇಕಿಲ್ಲ. ಅಪರೂಪಕ್ಕೆ ಒಂದು ಹಿಡಿ ಕುಡಿಯನ್ನು ಚೆನ್ನಾಗಿ ಬೇಯಿಸಿ ಪಲ್ಯಕ್ಕೆ ಸೇರಿಸಿ, ಅಷ್ಟು ಸಾಕು.

ಪ್ರಶ್ನೆ: ತೋಟದಲ್ಲಿ ಗುಡುಗಿದ ಮರುದಿನ ಅಣಬೆ ಏಳುತ್ತವೆ. ಅನ್ನದ ಜೊತೆ ಬೇಯಿಸಿದಾಗ ಅನ್ನದ ಬಣ್ಣ ಬದಲಾಗದಿದ್ದರೆ ತಿನ್ನಬಹುದು ಅಂತಾರೆ. ನಿಜವಾ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ನಿಜ ಅಲ್ಲ ತಮ್ಮಾ. ಬೆಳ್ಳಿ ಚಮಚ, ಅರಿಶಿನ, ಅನ್ನದ ಬಣ್ಣ, ಇವು ಯಾವುದರಿಂದಲೂ ವಿಷ ಗೊತ್ತಾಗುವುದಿಲ್ಲ. ಕೆಲವು ವಿಷದ ಅಣಬೆ ತಿಂದರೆ ವಾಂತಿ ಭೇದಿ ಶುರುವಾಗುವುದೇ ಆರು ಗಂಟೆ ಕಳೆದ ಮೇಲೆ. ಅಷ್ಟು ಹೊತ್ತಿಗೆ ವಿಷ ಮೈಗೆ ಸೇರಿರುತ್ತದೆ. ವರ್ಷಾ ವರ್ಷಾ ಅದೇ ಹುತ್ತದ ಹತ್ತಿರ ಅಣಬೆ ಕಿತ್ತು ತಿಂದು ಗೊತ್ತಿರುವ ಹಿರಿಯರು ಕೈಯಲ್ಲಿ ಹಿಡಿದು ನೋಡಿ ಹೇಳಿದರೆ ಮಾತ್ರ ಒಲೆಗೆ ಇಡಿ. ಫೋನಿನಲ್ಲಿ ಫೋಟೋ ಕಳಿಸಿ ಕೇಳಬೇಡಿ, ನನಗೂ ಕಳಿಸಬೇಡಿ.

ಅಣಬೆ ಇಷ್ಟ ಅಂದರೆ ಚಿಪ್ಪಣಬೆಯನ್ನು ಮನೆಯಲ್ಲೇ ಬೆಳೆಯಿರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ ಕೊಡುತ್ತಾರೆ. ಬತ್ತದ ಹುಲ್ಲು ನೆನೆಸಿ, ಬೇಯಿಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲು ಬೀಜ ಪದರ ಪದರವಾಗಿ ತುಂಬಿ, ಕತ್ತಲ ಕೋಣೆಯಲ್ಲಿ ತೂಗುಹಾಕಿ. ಮೂರು ನಾಲ್ಕು ವಾರಕ್ಕೆ ಮೊಗ್ಗು ಹೊರಗೆ ಬರುತ್ತವೆ. ಚಿಪ್ಪಿನ ಅಂಚು ಮೇಲಕ್ಕೆ ತಿರುಗುವ ಮೊದಲು ಬುಡ ಹಿಡಿದು ತಿರುಚಿ ಕೊಯ್ಯಿರಿ.