ಟೋಕಿಯೋಗೆ ಹೋಗಲು 12 ಗಂಟೆ, ಬರಲು ಬರೀ ಆರೂವರೆಯೇ?

ಪ್ರಶ್ನೆ: ಮಗಳು ಟೋಕಿಯೋದಲ್ಲಿ ಕೆಲಸದಲ್ಲಿದ್ದಾಳೆ. ಜನವರಿಯಲ್ಲಿ ನಾನೂ ನಮ್ಮ ಯಜಮಾನರೂ ಹೋಗಿಬರಲು ಟಿಕೆಟ್ ಕಳಿಸಿದ್ದಾಳೆ. ಬೆಂಗಳೂರಿನಿಂದ ರಾತ್ರಿ 8ಕ್ಕೆ ಹೊರಟು ಬೆಳಿಗ್ಗೆ 8ಕ್ಕೆ ತಲುಪುತ್ತದೆ. ವಾಪಸ್ ಬರುವಾಗ ಸಂಜೆ 6ಕ್ಕೆ ಬಿಟ್ಟು ರಾತ್ರಿ 12.30ಕ್ಕೇ ಬೆಂಗಳೂರು. ಭೂಮಿ ತಿರುಗುವುದರಿಂದ ಹೀಗಾ? ಹಾಸನದಿಂದ ಯಾವಾಗ ಹೊರಡಬೇಕು?
– ಓದುಗರು, ಹಾಸನ

ಉತ್ತರ: ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಿಗ್ಗೆ 8 ಅಂದರೆ ನಮ್ಮಲ್ಲಿ ಇನ್ನೂ ನಸುಕಿನ 4.30. ಹಾಗಾಗಿ ಹೋಗುವಾಗ ನೀವು ಕೂರುವುದು ಎಂಟೂವರೆ ಗಂಟೆ, ಬರುವಾಗ ಹತ್ತು ಗಂಟೆ. ನಿಜವಾಗಿ ಜಾಸ್ತಿ ಹೊತ್ತು ಹಿಡಿಯುವುದು ಬರುವಾಗಲೇ!

ದೂರ ಎರಡೂ ಕಡೆಗೆ ಸುಮಾರು 6,700 ಕಿ.ಮೀ. ಭೂಮಿ ತಿರುಗುವುದರಿಂದ ನಮ್ಮೂರೇ ವಿಮಾನದ ಕಡೆಗೆ ಬರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಆದರೆ ಭೂಮಿಯ ಜೊತೆಗೇ ಗಾಳಿಯೂ ತಿರುಗುತ್ತದೆ, ಆ ಗಾಳಿಯಲ್ಲೇ ವಿಮಾನ ಹಾರುತ್ತದೆ, ಹಾಗಾಗಿ ಆ ಲಾಭ ಸಿಗಲ್ಲ. ವ್ಯತ್ಯಾಸ ಮಾಡುವುದು ಜೆಟ್ ಸ್ಟ್ರೀಮ್ ಎನ್ನುವ ಗಾಳಿ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುತ್ತದೆ. ಉತ್ತರದ ಚಳಿಗೂ ದಕ್ಷಿಣದ ಸೆಕೆಗೂ ಅಂತರ ಹೆಚ್ಚಾದಷ್ಟೂ ಅದರ ಜೋರು ಹೆಚ್ಚು. ಜಪಾನಿನ ಮೇಲಂತೂ ಚಳಿಗಾಲದಲ್ಲಿ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಹೋಗುವಾಗ ಅದು ಬೆನ್ನಿಗೆ ಬೀಸಿ ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ಅದಕ್ಕೇ ಪೈಲಟ್‌ಗಳು ಬರುವಾಗ ಗಾಳಿ ಕಡಿಮೆ ಇರುವ ದಾರಿ, ಎತ್ತರ ನೋಡಿಕೊಂಡು ಬರುತ್ತಾರೆ. ನೀವು ಹೋಗುವುದೂ ಜನವರಿಯಲ್ಲೇ ಅಲ್ವಾ, ವಾಪಸ್ ಬರುವಾಗ ಅರ್ಧ ಗಂಟೆ ಹೆಚ್ಚುಕಮ್ಮಿಯಾದರೆ ಗಾಬರಿ ಬೇಡ. ಅಷ್ಟು ಹೊತ್ತು ಒಂದೇ ಕಡೆ ಕೂತರೆ ಕಾಲು ಊದುತ್ತದೆ, ಆಗಾಗ ಎದ್ದು ಓಡಾಡಿ, ನೀರು ಕುಡಿಯಿರಿ.

ಇನ್ನು ಹಾಸನದಿಂದ. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ 200 ಕಿ.ಮೀ. ಮೇಲಾಗುತ್ತದೆ. ನೆಲಮಂಗಲದಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿಕೊಂಡರೆ ಬೆಂಗಳೂರಿನ ಒಳಗೆ ಸಿಕ್ಕಿಹಾಕಿಕೊಳ್ಳುವುದು ತಪ್ಪುತ್ತದೆ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ, ಅಂದರೆ ಸಂಜೆ 5ಕ್ಕೆ ಅಲ್ಲಿರಬೇಕು. ಹಾಗಾಗಿ ಬೆಳಿಗ್ಗೆ 11ಕ್ಕೆ ಮನೆ ಬಿಡಿ, ಊಟಕ್ಕೆ ನಿಂತರೂ ಸಮಯ ಉಳಿಯುತ್ತದೆ. ಮನೆ ಬಿಟ್ಟಲ್ಲಿಂದ ಲೆಕ್ಕ ಹಾಕಿದರೆ ವಿಮಾನ ಇಳಿಯುವ ಹೊತ್ತಿಗೆ ಹದಿನೇಳೂವರೆ ಗಂಟೆ. ನಿಮ್ಮ ವಿಮಾನ ನರಿಟಾದಲ್ಲಿ ಇಳಿಯುವುದಾದರೆ ಅಲ್ಲಿಂದ ಟೋಕಿಯೋ ನಗರಕ್ಕೆ ಇನ್ನೂ 60 ಕಿ.ಮೀ. ಇದೆ. ಅದಕ್ಕೆ ಅವತ್ತು ಬೇರೆ ಏನೂ ಇಟ್ಟುಕೊಳ್ಳಬೇಡ ಅಂತ ಮಗಳಿಗೆ ಈಗಲೇ ಹೇಳಿ.

ಬರುವ ದಿನ ತಾರೀಖಿನ ಬಗ್ಗೆ ಎಚ್ಚರ. 18ರ ಸಂಜೆ ಹೊರಟರೆ ಇಳಿಯುವುದು 19ನೇ ತಾರೀಖು 12.30ಕ್ಕೆ. ಕಾರಿನವರಿಗೆ ಸುಮ್ನೆ '19ರ ರಾತ್ರಿ' ಅಂದರೆ ಅವರು ಒಂದು ದಿನ ತಡವಾಗಿ ಬರುತ್ತಾರೆ. '18ರ ರಾತ್ರಿ ಊಟ ಮುಗಿಸಿ ಹಾಸನ ಬಿಡಿ' ಅಂತಲೇ ಹೇಳಿ.